ಅಪ್ಪಯ್ಯ ಹಿಡಿದ ಪದರ

ವೆಂಕಟರಮಣ ಭಟ್ಟರು ಶೃಂಗೇರಿ ಸೀಮೆಯಲ್ಲಿ ಮೂವತ್ತೈದು ವರ್ಷ ಮದುವೆಮನೆಗಳ ಅಡಿಗೆ ಮಾಡಿದವರು. ಸಾವಿರ ಎಲೆ, ಅಂದರೆ ಸಾವಿರ ಜನರ ಹೋಳಿಗೆ ಅವರಿಗೊಂದು ಲೆಕ್ಕವೇ ಅಲ್ಲ. ಆದರೆ ಕಳೆದ ವರ್ಷದಿಂದ ಕೈ ನಡುಗತೊಡಗಿತು ನೋಡಿ, ಸೌಟಿನ ಸಾರು ಸೀದಾ ಬೀಗರ ಪಂಚೆಯ ಮೇಲೆ. ಅಲ್ಲಿಗೆ ಕರೆ ಬರುವುದು ನಿಂತಿತು. ಕೊಪ್ಪದ ಮಗಳ ಮನೆಗೆ ಬಂದರೆ ಇಲ್ಲೂ ಯಾರೂ ಒಂದು ಕೆಲಸ ಹೇಳುವುದಿಲ್ಲ. ಭಟ್ಟರಿಗೆ ಅದೇ ದೊಡ್ಡ ಸಂಕಟ.

ಮಗಳು ಅರ್ಪಣಾ ಮನೆಯಲ್ಲೇ ಮೊಟ್ಟೆ ಹಾಕದ ಕೇಕ್ ಮಾಡಿ ಮಾರುವವಳು. ಆವತ್ತು ಕಡಹಿನಬೈಲಿನ ಆರತಕ್ಷತೆಗೆ ಪರಾತದಷ್ಟು ಅಗಲದ ಕೇಕು. ಅಡ್ಡಕ್ಕೆ ಸೀಳಿ ಮೂರು ಪದರ ಮಾಡಿಟ್ಟಿದ್ದಳು. ನಡುವೆ ಅನಾನಸ್ ಗೊಜ್ಜು ತುಂಬಿ ಒಂದರ ಮೇಲೊಂದು ಕೂರಿಸಬೇಕು, ಅದಕ್ಕೆ ಇಬ್ಬರು ಬೇಕು. ಗಂಡ ವಿವೇಕ ನೋಡಿದರೆ ನರಸಿಂಹರಾಜಪುರದಲ್ಲಿ ಬೈಕ್ ಪಂಕ್ಚರ್ ಮಾಡಿಕೊಂಡು ನಿಂತಿದ್ದಾನೆ.

“ಪಕ್ಕದ ಮನೆಯವ್ರನ್ನ ಕರೀಲಾ?” ಎಂದಳು ಅರ್ಪಣಾ.

“ನಾನಿಲ್ವನೇ?” ಎಂದರು ಭಟ್ಟರು.

ಅವಳು ಪಕ್ಕದ ಮನೆಯ ಕಡೆಗೇ ನೋಡಿದಳು. ಭಟ್ಟರು ಅದನ್ನು ಕಂಡರೂ ಕಾಣದವರಂತೆ ಕೈ ತೊಳೆದು ಬಂದರು.

“ಮೊದ್ಲು ಅಂಚಿಗೆ ಬದು ಹಾಕು ಮಾರಾಯ್ತಿ. ಬದು ಇಲ್ದೆ ಗದ್ದೆಗೆ ನೀರು ಬಿಡ್ತಾರಾ ಯಾರಾದ್ರೂ?”

ಅರ್ಪಣಾ ಅಡಿಯ ಪದರದ ಅಂಚಿನ ಸುತ್ತ ಗಟ್ಟಿ ಕ್ರೀಮ್ ಕಟ್ಟಿ ಒಳಗೆ ಗೊಜ್ಜು ಸುರಿದಳು. ಒಂದು ಹನಿ ಹೊರಗೆ ಹರಿಯಲಿಲ್ಲ.

“ಇನ್ನು ಪದರ. ಬೆರಳಲ್ಲಿ ಎತ್ತಿದ್ರೆ ಹೋಳಿಗೆನೂ ಹರೀತದೆ. ಎಲೆ ಸಮೇತ ಒಯ್ಯಬೇಕು,” ಎಂದು ಭಟ್ಟರು ಎರಡನೆಯ ಪದರದಡಿಗೆ ತೆಳು ರಟ್ಟನ್ನು ಮೆಲ್ಲಗೆ ಜಾರಿಸಿದರು.

ಆ ಕಡೆ ಮಗಳು, ಈ ಕಡೆ ಅಪ್ಪ. ಭಟ್ಟರು ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದರು. ಬೆರಳು ನಡುಗಿದರೂ ರಟ್ಟು ಅಲುಗಲಿಲ್ಲ. ಇನ್ನೇನು ಇಳಿಸಬೇಕು, ಪದರದ ಅಂಚಿನ ಒಂದು ತುಂಡು ಮುರಿದು ಬಿತ್ತು.

ಮುಗಿಯಿತು ನನ್ನ ಕತೆ ಅಂದುಕೊಂಡು ಭಟ್ಟರು ನೋಡುತ್ತಾರೆ, ಮುರಿದದ್ದು ಮಗಳ ಕಡೆ.

“ರಟ್ಟು ಬಾಗ್ತು, ಅಪ್ಪಯ್ಯ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನೀ ಎಲ್ಲಿ ನೋಡ್ತಿದ್ದೆ?”

ಅರ್ಪಣಾ ತಲೆ ತಗ್ಗಿಸಿದಳು. “ನಿನ್ನ ಕೈ.”

ಸಿಟ್ಟು ಬರಬೇಕಿತ್ತು, ಭಟ್ಟರಿಗೆ ನಗು ಬಂತು. ಪದರ ಇಳಿಸಿದ ಮೇಲೆ ಮುರಿದ ತುಂಡಿಗೆ ತಾವೇ ಕ್ರೀಮ್ ಮೆತ್ತಿ ಕೂರಿಸಿದರು. ಮೇಲೆ ಇನ್ನೊಂದು ಪದರ ಬರುವಾಗ ಇದು ಯಾರಿಗೆ ಕಾಣಬೇಕು?

“ಈ ಸಲ ಕೇಕ್ ನೋಡು ಕೂಸೇ.”

ಮೂರನೆಯ ಪದರಕ್ಕೆ ಅವಳು ಕೇಕಿನಿಂದ ಕಣ್ಣೆತ್ತಲಿಲ್ಲ. ಅಂಚಿಗೆ ಅಂಚು ತಾಗಿತು, ಅವಳು ಅಂಗೈ ಒತ್ತಿ ಹಿಡಿದಳು, ಭಟ್ಟರು ರಟ್ಟನ್ನು ಹಿಂದಕ್ಕೆಳೆದರು. ಪದರ ಇಡಿಯಾಗಿ ಕೂತಿತು.

ಸಂಜೆ ಕೇಕು ವ್ಯಾನು ಹತ್ತಿದ ಮೇಲೆ ಅರ್ಪಣಾಳ ಫೋನು ಬಡಿದುಕೊಂಡಿತು. ಮಾತಾಡುತ್ತ ಅವಳು ಫೋನಿಗೆ ಕೈ ಅಡ್ಡ ಹಿಡಿದಳು.

“ಗುರುವಾರ ಬೇಗಾರಿಗೆ ಇದಕ್ಕಿಂತ ದೊಡ್ಡದು ಬೇಕಂತೆ, ಅಪ್ಪಯ್ಯ. ನೀನಿದ್ರೆ ಒಪ್ಕೊಳ್ತೆ, ಇಲ್ದಿದ್ರೆ ಇಲ್ಲ.”

ಭಟ್ಟರು ಪಂಚೆ ಎತ್ತಿ ಕಟ್ಟಿಕೊಂಡು, ಮೂವತ್ತೈದು ವರ್ಷ ಮದುವೆಮನೆಯವರನ್ನು ಕೇಳುತ್ತಿದ್ದ ಅದೇ ಗತ್ತಿನಲ್ಲಿ ಕೇಳಿದರು:

“ಎಷ್ಟು ಎಲೆ ಅಂತ ಕೇಳು ಮೊದ್ಲು.”