ಮಕ್ಕಳಿಗೆ ಹೇಳಬಾರದ ಕನ್ನಡ

ಹನ್ನೆರಡು ಮಕ್ಕಳು. ಒಂದು ಕಡಿಮೆಯಾದರೂ ಶುಕ್ರವಾರದ ಕನ್ನಡ ತರಗತಿ ಬಂದ್, ಹಾಲ್ ಜುಂಬಾ ಡ್ಯಾನ್ಸಿನವರಿಗೆ. ನಮ್ಮ ಸಂಘದ ಕಾರ್ಯದರ್ಶಿ ಆಂತೋನಿಯವರು ಹೀಗೆ ನನ್ನ ಮುಖಕ್ಕೇ ಹೇಳಿಬಿಟ್ಟರು.

"ಕುಸುಮ ಟೀಚರ್, ಬೇಜಾರು ಮಾಡ್ಬೇಡಿ. ಜುಂಬಾಕ್ಕೆ ನಲ್ವತ್ತು ಜನ ಕಾಯ್ತಾ ಇದ್ದಾರೆ. ನಿಮ್ಮಲ್ಲಿ ಇರೋದು ಏಳು ಮಕ್ಕಳು. ಅದ್ರಲ್ಲಿ ಒಂದು ನಂದೇ."

"ಅದೂ ಎರಡು ವಾರಕ್ಕೊಮ್ಮೆ ಬರೋದು," ಎಂದೆ.

"ಒಂದು ತಿಂಗಳು ಟೈಮ್ ಕೊಡ್ತೇನೆ. ಮುಂದಿನ ಟರ್ಮಿನಲ್ಲಿ ಮಕ್ಕಳು ಏನೇನು ಕಲೀತಾರೆ ಅಂತ ಚಂದ ಮಾಡಿ ಬರ್ದು ಗ್ರೂಪಿಗೆ ಹಾಕಿ. ತಿಂಗಳ ಕೊನೆಯ ಶುಕ್ರವಾರ ಪಟ್ಟಿಯಲ್ಲಿ ಹನ್ನೆರಡು ಹೆಸರು ಇರ್ಬೇಕು. ರೂಲ್ಸ್ ಅಂದ್ರೆ ರೂಲ್ಸ್."

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಗೆ ಮೊದಲು ಬಂಟ್ವಾಳದ ಪ್ರಾಥಮಿಕ ಶಾಲೆಯಲ್ಲಿ ಆರು ವರ್ಷ ಪಾಠ ಮಾಡಿದವಳು ನಾನು. ಬಹರೈನಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಗಂಡ ಬೆಳಿಗ್ಗೆ ಅವಾಲಿಯ ಆಫೀಸಿಗೆ ಹೋದರೆ ಸಂಜೆಯವರೆಗೆ ನಾನು, ನಾಲ್ಕು ಗೋಡೆ ಮತ್ತು ಎ.ಸಿ. ನಮಗೆ ಮಕ್ಕಳಿಲ್ಲ. ಅದನ್ನು ಕಂಡಕಂಡವರ ಹತ್ತಿರ ಹೇಳಿಕೊಂಡು ಅಳುವ ಪೈಕಿ ನಾನಲ್ಲ. ಆದರೆ ಶುಕ್ರವಾರವೊಂದನ್ನು ಕಿತ್ತುಕೊಂಡರೆ ನನಗೆ ವಾರವೇ ಇಲ್ಲ, ಅಷ್ಟೇ.

ರಾತ್ರಿಯಿಡೀ ಕೂತು ಪ್ಲಾನ್ ಬರೆದೆ. ಮೊದಲ ವಾರ ಸ್ವರಗಳು, ಎರಡನೆಯ ವಾರ ವ್ಯಂಜನಗಳು, ಆಮೇಲೆ ಕಾಗುಣಿತ, ಹಣ್ಣುಗಳ ಹೆಸರು, ಸರಳ ವಾಕ್ಯಗಳು. ಗ್ರೂಪಿಗೆ ಹಾಕಿದೆ. ಹದಿನಾರು ಜನ ಕೈಮುಗಿದರು, ಒಂಬತ್ತು ಜನ ಹೆಬ್ಬೆರಳು ಎತ್ತಿದರು, ಯಾರೋ ಒಬ್ಬರು ಗುಲಾಬಿ ಹೂ ಕಳಿಸಿದರು. ಒಂದು ಹೊಸ ಮಗುವಿನ ಹೆಸರೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಲ್ಮಾನಿಯಾದ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಮೇಲಿನ ಹಾಲಿನಲ್ಲಿ ಅದೇ ಪ್ಲಾನನ್ನು ಬೋರ್ಡಿನ ಮೇಲೆ ಬರೆದೆ. ಏಳೂ ಮಕ್ಕಳು ಆಕಳಿಸಿದವು. ಮೂರನೇ ಕ್ಲಾಸಿನ ಜೋಯ್ಲಿನ್ ಕೈಯೆತ್ತಿದಳು. ಅವಳಮ್ಮ ಅಪೊಲಿನ್ ಆಸ್ಪತ್ರೆಯಲ್ಲಿ ನರ್ಸ್, ಅಪ್ಪ ಜೆರಿಗೆ ಸಿತ್ರಾದಲ್ಲಿ ಶಿಫ್ಟ್ ಕೆಲಸ. ಅಪೊಲಿನ್ ಡ್ಯೂಟಿ ಮುಗಿಸಿ ಮಗಳನ್ನು ಕರೆತಂದು ಕೊನೆಯ ಬೆಂಚಿನಲ್ಲಿ ಕೂತರೆ ಐದು ನಿಮಿಷಕ್ಕೆ ಗೊರಕೆ.

"ಟೀಚರ್, ಇದ್ರಲ್ಲಿ ಮಮ್ಮಿಯ ಕನ್ನಡ ಯಾವ ವಾರ?" ಜೋಯ್ಲಿನ್ ಇಂಗ್ಲಿಷಿನಲ್ಲಿ ಕೇಳಿದಳು.

"ಮಮ್ಮಿಯ ಕನ್ನಡ ಅಂದ್ರೆ ಎಂಥದು ಮಾರಾಯ್ತಿ?"

ಅವಳು ವಿವರಿಸಿದಳು. ಮನೆಯಲ್ಲಿ ಅವರು ಆಡುವುದು ಕೊಂಕಣಿ. ಅದು ಅವಳಿಗೆ ಬರುತ್ತದೆ. ಇಂಗ್ಲಿಷ್, ಹಿಂದಿ ಶಾಲೆಯಲ್ಲಿ ಕಲಿತಿದ್ದಾಳೆ. ಆದರೆ ಅವಳಿಗೆ ಏನಾದರೂ ಗೊತ್ತಾಗಬಾರದು ಅಂತಿದ್ದರೆ ಮಮ್ಮಿ ಡ್ಯಾಡಿ ಇಬ್ಬರೂ ತಟ್ಟನೆ ಕನ್ನಡಕ್ಕೆ ಹಾರುತ್ತಾರೆ.

"ನಮ್ಮಲ್ಲೂ!" ಎಂದು ಮಸೂದ್ ಎದ್ದು ನಿಂತ. ಅವನ ಮನೆಯಲ್ಲಿ ಬ್ಯಾರಿ ಭಾಷೆ, ಗುಟ್ಟಿಗೆ ಕನ್ನಡ. ಆಂತೋನಿಯವರ ಮಗಳು ಫ್ಲೆನ್ಸಿಯೂ ಎದ್ದಳು. ಬೆಂಗಳೂರಿನ ರಂಜನಾ ಅವರ ಮಗ ತರುಣನ ಕತೆ ಇನ್ನೂ ಚಂದ. ಅವನ ಅಪ್ಪ ಅಮ್ಮ ಅವನ ಹತ್ತಿರ ಬರೀ ಇಂಗ್ಲಿಷ್ ಆಡಿ, ಕನ್ನಡವನ್ನು ತಮ್ಮಿಬ್ಬರಿಗೇ ಇಟ್ಟುಕೊಂಡಿದ್ದರು.

ಅಯ್ಯೋ ದೇವರೇ! ಒಂಬತ್ತು ವರ್ಷದಿಂದ ಈ ಜನ ನನ್ನ ತರಗತಿಗೆ ಮಕ್ಕಳನ್ನು ಯಾಕೆ ಕಳಿಸುವುದಿಲ್ಲ ಎಂದು ಆಗ ತಿಳಿಯಿತು. ಈ ದ್ವೀಪದಲ್ಲಿ ಕನ್ನಡಕ್ಕೆ ಇರುವುದು ಎರಡೇ ಕೆಲಸ. ನವೆಂಬರಿನಲ್ಲಿ ಭಾಷಣ ಮಾಡುವುದು, ಉಳಿದ ಹನ್ನೊಂದು ತಿಂಗಳು ಮಕ್ಕಳಿಂದ ಮುಚ್ಚಿಡುವುದು. ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಡಸ್ಟರ್ ತೆಗೆದುಕೊಂಡು ಬೋರ್ಡ್ ಪೂರ್ತಿ ಒರೆಸಿದೆ.

"ಹೊಸ ಪ್ಲಾನ್," ಎಂದೆ. "ಪ್ರತಿ ವಾರ ಒಬ್ಬೊಬ್ಬರು ಮನೆಯಲ್ಲಿ ಕಿವಿಗೆ ಬಿದ್ದ ಒಂದು ಕನ್ನಡ ಮಾತು ತರ್ಬೇಕು. ಅದರ ಅರ್ಥ ನಾನು ಬಿಡಿಸಿ ಹೇಳ್ತೇನೆ. ಬರೆಯಲಿಕ್ಕೂ ಕಲೀಬೇಕು, ಅದು ಫೀಸು."

ಮಕ್ಕಳು ಹಾಕಿದ ಕೇಕೆಗೆ ಕೆಳಗಿನ ಕೋಲ್ಡ್ ಸ್ಟೋರಿನವನು ಓಡಿ ಬಂದ. ಅಪೊಲಿನ್‌ಗೆ ಮಾತ್ರ ಎಚ್ಚರವಾಗಲಿಲ್ಲ.

ಗ್ರೂಪಿಗೆ ನಾನು ಬರೆದದ್ದು ಇಷ್ಟೇ: "ಈ ಟರ್ಮಿನಲ್ಲಿ ಮಕ್ಕಳು ಕೌಟುಂಬಿಕ ಪರಿಸರದ ಸಂಭಾಷಣೆಗಳನ್ನು ಆಧರಿಸಿ ಸ್ವಾನುಭವದಿಂದ ಭಾಷೆ ಕಲಿಯಲಿದ್ದಾರೆ." ಓದಿದವರಿಗೆ ಏನೂ ಅರ್ಥವಾಗಬಾರದೆಂದೇ ಬರೆದದ್ದು. ಆಂತೋನಿಯವರು ಫೋನ್ ಮಾಡಿ, "ಭಾರೀ ಲಾಯ್ಕ್ ಉಂಟು ಟೀಚರ್, ಭಾರೀ ಲಾಯ್ಕ್!" ಎಂದರು.

ಸುದ್ದಿ ಶಾಲೆಯ ಬಸ್ಸುಗಳಲ್ಲಿ ಹಬ್ಬಿತು. ಎರಡನೆಯ ಶುಕ್ರವಾರ ಹದಿಮೂರು ಮಕ್ಕಳು, ಮೂರನೆಯದಕ್ಕೆ ಇಪ್ಪತ್ತೊಂದು! ಕುರ್ಚಿ ಸಾಲದೆ ಕೆಳಗಿನಿಂದ ನೀರಿನ ಬಾಟಲಿಗಳ ಕ್ರೇಟು ತಂದು ಬೋರಲು ಹಾಕಿ ಕೂರಿಸಿದೆ. "ರಜೆ ದಿನ ಬೆಳಿಗ್ಗೆ ತಾನೇ ಎದ್ದು ಹಟ ಮಾಡ್ತಾನೆ ಟೀಚರ್, ಎಂಥ ಮದ್ದು ಹಾಕಿದ್ರಿ?" ಎಂದು ಅಪ್ಪಂದಿರು ಕೇಳಿದರು. ನಾನು ತಲೆ ತಗ್ಗಿಸಿ ನಕ್ಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಬೋರ್ಡಿನ ಮೇಲೆ ಬಂದ ಮಾತುಗಳನ್ನು ನೋಡಬೇಕಿತ್ತು. ಮಸೂದ್ ತಂದದ್ದು "ಕಪಾಟಿನ ಮೇಲೆ". ತರುಣ ತಂದದ್ದು "ಸೂಜಿ ಚುಚ್ಚಿಸಬೇಕು". ಫ್ಲೆನ್ಸಿಯದು "ದಾರಿಯಲ್ಲಿದ್ದೇನೆ". ಜೋಯ್ಲಿನ್ ಮೊದಲ ವಾರ "ಸದ್ಯಕ್ಕೆ ಯಾರಿಗೂ ಹೇಳಬೇಡ" ಎಂಬುದನ್ನು ತಂದಳು, ಎರಡನೆಯ ವಾರ "ಹೊಟ್ಟೆ", ಮೂರನೆಯ ವಾರ "ಮಾರ್ಚ್ ತಿಂಗಳು". ಇದೆಂಥ ಮಾತು, ಯಾರಿಗೋ ಹೊಟ್ಟೆನೋವಿರಬೇಕು ಎಂದುಕೊಂಡು ನಾನು ಮುಂದೆ ಹೋದೆ. ಮಾತಿನ ಅರ್ಥ ಬಿಡಿಸಿ ಕೊಡುವುದಷ್ಟೇ ನನ್ನ ಕೆಲಸವಾಗಿತ್ತು.

ನಾಲ್ಕನೆಯ ವಾರ ಒಂದೊಂದೇ ಮನೆ ಸಿಡಿಯಿತು. "ಅಂಗಡಿಯಲ್ಲಿ ಸ್ಟಾಕ್ ಇಲ್ಲ" ಎಂದು ಅಪ್ಪ ಹೇಳುತ್ತಿದ್ದ ವಿಡಿಯೋ ಗೇಮನ್ನು ಮಸೂದ್ ಕಪಾಟಿನ ಮೇಲಿಂದ ತಾನೇ ಇಳಿಸಿ ಆಡುತ್ತಾ ಕೂತಿದ್ದ. ಪಾರ್ಕಿಗೆಂದು ಹೊರಟ ಕಾರು ಆಸ್ಪತ್ರೆಯ ಗೇಟಿನಲ್ಲಿ ತಿರುಗಿದ ಕೂಡಲೇ ತರುಣ ಸೀಟ್ ಬೆಲ್ಟ್ ಹಿಡಿದುಕೊಂಡು, "ಸೂಜಿ ಬೇಡ!" ಎಂದು ಅಚ್ಚ ಕನ್ನಡದಲ್ಲಿ ಕಿರುಚಿದ. ಆಂತೋನಿಯವರು ಸಂಘದ ಅಧ್ಯಕ್ಷರಿಗೆ ಫೋನಿನಲ್ಲಿ, "ದಾರಿಯಲ್ಲಿದ್ದೇನೆ ಸರ್, ಸಿತ್ರಾ ಸೇತುವೆ ಮೇಲೆ ಟ್ರಾಫಿಕ್," ಎನ್ನುವಾಗ ಪಕ್ಕದಿಂದ ಫ್ಲೆನ್ಸಿ, "ಅಂಕಲ್, ಡ್ಯಾಡಿ ಮಂಚದ ಮೇಲೆ ಇದ್ದಾರೆ!" ಎಂದಳಂತೆ. ಏನು ಉಚ್ಚಾರ, ಏನು ವಿಭಕ್ತಿ! ಕೇಳಿ ನನಗೆ ಹೆಮ್ಮೆಯೆನಿಸಿತು.

ತಿಂಗಳ ಕೊನೆಯ ಶುಕ್ರವಾರ ಹಾಲಿನಲ್ಲಿ ಅಪ್ಪ ಅಮ್ಮಂದಿರ ಸಭೆ. ನನ್ನ ಮರ್ಯಾದೆ ಹರಾಜಿಗೆ ಬಿತ್ತು.

"ಮೇಡಂ, ಮಕ್ಕಳಿಗೆ ಕನ್ನಡ ಕಲಿಸಿ ಅಂದ್ವಿ, ಸರಿ," ಎಂದರು ರಂಜನಾ. "ನಮ್ ಕನ್ನಡಾನ ಯಾಕ್ರೀ ಕಲ್ಸಿದ್ರಿ? ಈಗ ನಾನೂ ನಮ್ಮನೆಯವ್ರೂ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಮಾತಾಡ್ತೀವಿ!"

"ಗುಟ್ಟು ಇಟ್ಕೊಂಡದ್ದು ನೀವು, ಬೈಸಿಕೊಳ್ಳೋದು ನಾನಾ?" ಎಂದು ನಾನೂ ಬಿಡಲಿಲ್ಲ.

ಗಲಾಟೆಯಾಯಿತು. ಹೆಸರು ತೆಗೆಯಿರಿ ಎಂದು ಒಬ್ಬೊಬ್ಬರೇ ಮುಂದೆ ಬಂದರು. ಆಂತೋನಿಯವರು ಪಟ್ಟಿ ಹಿಡಿದು ಗೀಟು ಎಳೆಯುತ್ತಾ ಹೋದರು. ತರುಣ ಹೋದ. ಮಸೂದ್ ಅಳುತ್ತಾ ಹೋದ. ಹತ್ತು ಗೀಟು. ಫ್ಲೆನ್ಸಿಯ ಹೆಸರಿನ ಮೇಲೆ ಪೆನ್ನು ಇಟ್ಟು ಆಂತೋನಿಯವರು ಮಗಳ ಮುಖ ನೋಡಿ ಹಾಗೇ ಬಿಟ್ಟರು, ಪುಣ್ಯಾತ್ಮ.

"ಹನ್ನೊಂದು," ಎಂದರು ಸಣ್ಣ ಸ್ವರದಲ್ಲಿ. "ಒಂದು ಕಡಿಮೆ ಆಯ್ತಲ್ಲ ಟೀಚರ್. ನಾನು ಎಂಥ ಮಾಡ್ಲಿ ಹೇಳಿ?"

ಡಸ್ಟರನ್ನು ಕೈಯಲ್ಲಿ ಹಿಡಿದು ನಿಂತೆ. ಅಳು ಬರುತ್ತಿತ್ತು, ಇವರೆಲ್ಲರ ಎದುರು ಅಳಬಾರದೆಂದು ಹಲ್ಲು ಕಚ್ಚಿದೆ.

"ಹನ್ನೊಂದು ಅಲ್ಲ. ಹನ್ನೆರಡು ಉಂಟು."

ಜೋಯ್ಲಿನ್. ಕ್ರೇಟಿನ ಮೇಲೆ ಹತ್ತಿ ನಿಂತಿದ್ದಳು.

"ಮಮ್ಮಿಯ ಹೊಟ್ಟೆಯಲ್ಲಿ ಒಂದು ಮಗು ಉಂಟು. ಮಾರ್ಚ್ ತಿಂಗಳು ಬರ್ತದೆ. ಸದ್ಯಕ್ಕೆ ಯಾರಿಗೂ ಹೇಳಬೇಡ."

ಅಪೊಲಿನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಜೆರಿ ಕಿವಿಯವರೆಗೂ ಕೆಂಪಾದ. ಆಮೇಲೆ ಅಪೊಲಿನ್‌ಳ ಬೆರಳ ಸಂದಿಯಿಂದ ನಗು ಹೊರಬಿತ್ತು. ಅವಳು ನಕ್ಕ ಕೂಡಲೇ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಬಾತ್‌ರೂಮಿನಲ್ಲಿ ಮಾತಾಡುವ ರಂಜನಾ ಎಲ್ಲರಿಗಿಂತ ಮೊದಲು ಓಡಿಹೋಗಿ ಅವಳನ್ನು ತಬ್ಬಿಕೊಂಡರು.

"ಹುಟ್ಟದ ಮಗುವನ್ನು ಲೆಕ್ಕಕ್ಕೆ ಹಿಡಿಯೋದು ಹೇಗೆ ಮಗಾ?" ಎಂದರು ಆಂತೋನಿಯವರು, ನಗು ತಡೆದುಕೊಳ್ಳುತ್ತಾ.

"ಮಮ್ಮಿ ಪ್ರತಿ ವಾರ ಬರ್ತಾಳೆ. ಅದೂ ಬರ್ತದೆ." ಜೋಯ್ಲಿನ್ ಬೆರಳು ಮಡಚಿ ತೋರಿಸಿದಳು. "ಫ್ಲೆನ್ಸಿ ಬರೋದು ಎರಡು ವಾರಕ್ಕೊಮ್ಮೆ."

ಆಂತೋನಿಯವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ನಿನ ಕ್ಯಾಪು ತೆಗೆದರು. "ಖಲ್ಲಿವಲ್ಲಿ, ರೂಲ್ಸ್ ಅತ್ಲಾಗೆ ಹೋಗ್ಲಿ! ಹೆಸರು ಹೇಳಿ ಜೆರಿ."

"ಇನ್ನೂ ಇಟ್ಟಿಲ್ಲ ಮಾರಾಯ್ರೆ," ಎಂದ ಜೆರಿ.

"ಹಾಗಾದ್ರೆ ಹಾಗೇ ಬರೀತೇನೆ." ಹನ್ನೆರಡನೆಯ ಸಾಲಿನಲ್ಲಿ ದುಂಡಗೆ ಬರೆದರು: ಹೆಸರು ಇನ್ನೂ ಇಟ್ಟಿಲ್ಲ. ನಾನು ಡಸ್ಟರನ್ನೇ ಕಣ್ಣಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಮುಖವೆಲ್ಲ ಸೀಮೆಸುಣ್ಣವಾಯಿತು. ಮಕ್ಕಳು ಕುಣಿದಾಡಿದರು.

ಹೆಸರು ತೆಗೆಸಿದವರು ಸುಮ್ಮನೆ ಕೂರಲಿಲ್ಲ. ಹೊಸ ಗುಟ್ಟಿನ ಭಾಷೆ ಬೇಕೆಂದು ಶನಿವಾರ ಸಂಜೆಗೆ ಅದೇ ಹಾಲ್ ಹಿಡಿದು ಅರೇಬಿಕ್ ತರಗತಿ ಶುರುಮಾಡಿದರು. ತಮ್ಮ ಮಕ್ಕಳು ಒಂದನೇ ಕ್ಲಾಸಿನಿಂದಲೇ ಶಾಲೆಯಲ್ಲಿ ಅರೇಬಿಕ್ ಓದುತ್ತಿರುವುದು ಒಬ್ಬರಿಗೂ ನೆನಪಾಗಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಮುಂದಿನ ಶುಕ್ರವಾರ ಹಾಜರಿ ಕೂಗಿದೆ. ಹನ್ನೊಂದು ಹೆಸರು ಮುಗಿದ ಮೇಲೆ ಹನ್ನೆರಡನೆಯ ಸಾಲಿನ ಮೇಲೆ ಬೆರಳಿಟ್ಟೆ.

"ಹೆಸರು ಇನ್ನೂ ಇಟ್ಟಿಲ್ಲ?"

ಕೊನೆಯ ಬೆಂಚಿನಲ್ಲಿ ಅಪೊಲಿನ್ ಆವತ್ತು ಎಚ್ಚರವಾಗಿದ್ದಳು. ಹೊಟ್ಟೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದನ್ನು ಮೇಲೆತ್ತಿದಳು.

"ಬಂದಿದೆ ಟೀಚರ್."