ಎರಡು ಹೆಸರಿನ ಕಣ

ನನ್ನ ಮೊಮ್ಮಗಳು ಹುಟ್ಟಿ ಎರಡು ತಿಂಗಳು ಕಳೆದರೂ ಅವಳಿಗೊಂದು ಹೆಸರಿರಲಿಲ್ಲ. ಹೆಸರು ಕೆತ್ತಿಯೇ ಹೊಟ್ಟೆ ಹೊರೆದುಕೊಂಡ ನನಗೆ ಇದಕ್ಕಿಂತ ಅವಮಾನ ಬೇಕೆ? ಊರಿನ ಅರ್ಧ ಬಾಗಿಲುಗಳ ಮೇಲಿರುವ ಹಿತ್ತಾಳೆ ಫಲಕಗಳು ನನ್ನ ಅಂಗಡಿಯವು. ವಕೀಲರು, ಹಲ್ಲಿನ ಡಾಕ್ಟರುಗಳು, ಓಟದಲ್ಲಿ ಮೂರನೆಯವರಾಗಿ ಬಂದ ಮಕ್ಕಳು, ಸತ್ತುಹೋದ ನಾಯಿಗಳು, ಎಲ್ಲರ ಹೆಸರನ್ನೂ ಕೆತ್ತಿದ್ದೇನೆ. ನನ್ನ ಮನೆಯ ಕೂಸನ್ನು ಮಾತ್ರ ಎಲ್ಲರೂ ‘ಇದು’ ಎನ್ನುತ್ತಿದ್ದರು. ಇದು ಹಾಲು ಕುಡೀತಾ, ಇದಕ್ಕೆ ನಿದ್ದೆ ಬಂತಾ. ಕುರ್ಚಿ ಮೇಜಿನ ವಿಚಾರ ಮಾತಾಡಿದ ಹಾಗೆ.

ನನಗೆ ಯಾವ ಹೆಸರು ಬೇಕೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಮಗಳದು. ನನ್ನ ಮಗನಿಗೆ ಒಬ್ಬಳು ತಂಗಿ ಇದ್ದಳು. ಹನ್ನೊಂದು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಇಪ್ಪತ್ತು ವರ್ಷದ ಮೇಲಾಯಿತು. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿಲ್ಲ. ನನಗೆ ನೋವಾದೀತೆಂದು ಮಗ ಸುಮ್ಮನಿದ್ದ, ಅವನಿಗೆ ನೋವಾದೀತೆಂದು ನಾನು ಸುಮ್ಮನಿದ್ದೆ, ಹೀಗೆ ಸುಮ್ಮನಿದ್ದೂ ಸುಮ್ಮನಿದ್ದೂ ಅವಳು ಇರಲೇ ಇಲ್ಲವೇನೋ ಅನ್ನುವ ಹಾಗಾಯಿತು. ಆ ಹೆಸರು ಮನೆಯಲ್ಲಿ ಮತ್ತೆ ಕೇಳಿಸಬೇಕು, ಅಷ್ಟೇ ನನ್ನ ಆಸೆ. ಈ ವಯಸ್ಸಿನಲ್ಲಿ ನಾನು ಬೇರೇನನ್ನೂ ಕೇಳಿದವಳಲ್ಲ, ಮೊಣಕಾಲಿಗೊಂದು ಮುಲಾಮು ಬಿಟ್ಟರೆ.

ಅಡ್ಡ ಬಂದವಳು ಬೀಗಿತ್ತಿ, ಅಂದರೆ ಸೊಸೆಯ ತಾಯಿ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿದ್ದವಳು. ನಿವೃತ್ತಿಯಾದದ್ದು ಕೆಲಸದಿಂದ, ಅಧಿಕಾರದಿಂದಲ್ಲ. ನಮ್ಮ ಮನೆಗೆ ಬಾಣಂತನಕ್ಕೆಂದು ಬಂದವಳು ಬಂದ ದಿನವೇ ನನ್ನ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದಳು. ಮಗುವಿಗೆ ತನ್ನ ದೊಡ್ಡಮ್ಮನ ಹೆಸರೇ ಆಗಬೇಕೆಂದು ಅವಳ ಹಟ. ತಾಯಿ ಇಲ್ಲದ ತನ್ನನ್ನು ಸಾಕಿ ಓದಿಸಿದ್ದು ಆ ದೊಡ್ಡಮ್ಮನಂತೆ. ಆ ಹೆಸರು ಎಷ್ಟು ಹಳೆಯದೆಂದರೆ, ನನ್ನ ಅಂಗಡಿಯಲ್ಲಿ ಅದನ್ನು ನಾನು ಸಮಾಧಿ ಫಲಕಗಳ ಮೇಲೆ ಬಿಟ್ಟು ಬೇರೆಲ್ಲೂ ಕೆತ್ತಿಲ್ಲ. ಇದನ್ನು ಅವಳೆದುರೇ ಹೇಳಿದೆ. ಮೂರು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ನನ್ನ ಮಗ ಸೇತುವೆ ಕಟ್ಟುವ ಇಂಜಿನಿಯರು. ನದಿಯ ಎರಡು ದಡ ಸೇರಿಸುತ್ತಾನೆ. ಮನೆಯಲ್ಲಿ ಈ ವಿಷಯ ಬಂದರೆ ಮಾತ್ರ ಕಾರಿಗೆ ಪೆಟ್ರೋಲ್ ಹಾಕಿಸಬೇಕು ಎಂದು ಹೊರಟುಬಿಡುತ್ತಿದ್ದ. ಆ ತಿಂಗಳಿಡೀ ನಮ್ಮ ಕಾರಿನ ಟ್ಯಾಂಕು ತುಂಬಿಯೇ ಇತ್ತು.

ಸೊಸೆ ಕೆಲಸ ಮಾಡುವುದು ಪರಮಾಣುವಿಗಿಂತ ಸಣ್ಣ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಪ್ರಯೋಗಾಲಯದಲ್ಲಿ. ಅವಳು ಕೆಲಸಕ್ಕೆ ವಾಪಸು ಹೋದ ಮೇಲೆ ಮಧ್ಯಾಹ್ನ ಹಾಲೂಡಿಸಲು ನಾವಿಬ್ಬರೂ ಮಗುವನ್ನು ಅಲ್ಲಿಗೇ ಒಯ್ಯುತ್ತಿದ್ದೆವು. ಒಬ್ಬಳೇ ಹೋಗಬಹುದಿತ್ತು, ಆದರೆ ದಾರಿಯಲ್ಲಿ ಇನ್ನೊಬ್ಬಳು ಮಗುವಿನ ಕಿವಿಯಲ್ಲಿ ತನಗೆ ಬೇಕಾದ ಹೆಸರು ಊದಿಬಿಟ್ಟರೆ ಎಂಬ ಭಯ ಇಬ್ಬರಿಗೂ ಇತ್ತು. ಅತಿಥಿಗಳ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕೆಟ್ಟುಹೋದ ಕಾಫಿ ಯಂತ್ರ, ಯಾರೋ ಅರ್ಧ ಅಳಿಸಿದ ಲೆಕ್ಕವಿರುವ ಬಿಳಿ ಬೋರ್ಡು. ಒಂದು ದಿನ ಅಲ್ಲೇ ನಮ್ಮಿಬ್ಬರ ಜಗಳ ತಾರಕಕ್ಕೇರಿತು. ಸೊಸೆ ಹಾಲೂಡಿಸುತ್ತಲೇ, ದನಿ ಎತ್ತರಿಸದೆ, ನಿಮ್ಮ ಹಾಗೆಯೇ ಕಚ್ಚಾಡಿದವರ ಕತೆ ಹೇಳುತ್ತೇನೆ ಎಂದಳು.

ಐವತ್ತು ವರ್ಷದ ಹಿಂದಿನ ಮಾತಂತೆ. ಒಂದೇ ದೇಶದ ಎರಡು ತುದಿಗಳಲ್ಲಿ ಎರಡು ತಂಡಗಳು. ಎರಡಕ್ಕೂ ಒಂದೇ ಹೊಸ ಕಣ ಸಿಕ್ಕಿತು. ಒಂದು ತಂಡ ಮೊದಲೇ ಕಂಡಿತ್ತು, ಆದರೆ ಬಾಯಿ ಬಿಡದೆ ಮತ್ತೆ ಮತ್ತೆ ಪರೀಕ್ಷಿಸುತ್ತಾ ಕೂತಿತ್ತು. ಇನ್ನೊಂದಕ್ಕೆ ಒಂದು ವಾರಾಂತ್ಯದಲ್ಲಿ ಸಿಕ್ಕಿಬಿಟ್ಟಿತು. ಒಂದೇ ದಿನ ಎರಡೂ ಕಡೆಯವರು ಸುದ್ದಿ ಹೇಳಿದರು. ಮೊದಲಿನವರು ಅದನ್ನು ‘ಜೆ’ ಎಂದರು. ತಂಡದ ಹಿರಿಯನ ಹೆಸರನ್ನು ಅವನ ಮನೆಮಾತಿನಲ್ಲಿ ಬರೆದರೆ ಆ ಅಕ್ಷರದ ಹಾಗೇ ಕಾಣುತ್ತದೆಂದು ಜನ ಆಡಿಕೊಂಡರು; ಬೇರೆ ಕಾರಣವನ್ನೂ ಹೇಳುತ್ತಾರಂತೆ. ಇನ್ನೊಂದು ತಂಡದವರು ‘ಸೈ’ ಎಂದರು. ಸೈ ಅನ್ನಿಸಿಕೊಳ್ಳಲು ಇಟ್ಟದ್ದಲ್ಲ, ಅದು ತ್ರಿಶೂಲದಂತಿರುವ ಗ್ರೀಕ್ ಅಕ್ಷರ. ತಮಾಷೆಯೆಂದರೆ, ಹೆಸರಿಟ್ಟ ಮೇಲೆ ಆ ಕಣದ ಹತ್ತಿರದ ನೆಂಟ ಕಣವೊಂದು ಒಡೆದಾಗ ಮೂಡಿದ ಗೆರೆಗಳು ಥೇಟ್ ಆ ಅಕ್ಷರದ ಹಾಗೇ ಇದ್ದವು. ಯಾರೂ ಪಟ್ಟು ಬಿಡಲಿಲ್ಲ. ಕೊನೆಗೆ ಎರಡೂ ಹೆಸರು ಉಳಿಸಿ, ನಡುವೆ ಒಂದು ಓರೆಗೆರೆ ಎಳೆದರು. ಇವತ್ತಿಗೂ ಅದು ಜೆ ಓರೆಗೆರೆ ಸೈ. ದೊಡ್ಡ ಬಹುಮಾನವನ್ನೂ ಇಬ್ಬರಿಗೂ ಹಂಚಿದರಂತೆ.

ನಮಗೇನು ಬಹುಮಾನ ಎಂದು ಬೀಗಿತ್ತಿ ಕೇಳಿದಳು. ತೇಗು ಬರಿಸಮ್ಮ ಎಂದು ಸೊಸೆ ಮಗುವನ್ನು ಅವಳ ಹೆಗಲಿಗೆ ಹಾಕಿದಳು.

ಆ ಕಣ ಎಷ್ಟು ಹೊತ್ತು ಬದುಕಿರುತ್ತದೆ ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ. ರೆಪ್ಪೆ ಬಡಿಯುವ ಹೊತ್ತನ್ನು ಕೋಟಿ ಕೋಟಿ ಚೂರು ಮಾಡಿದರೂ ಅದರಲ್ಲೊಂದು ಚೂರಿನಷ್ಟೂ ಇಲ್ಲ ಎಂದಳು. ಅಷ್ಟಕ್ಕೆ ಇಷ್ಟು ರಂಪವೇ ಎಂದೆ.

ಸೊಸೆ ನನ್ನ ಮುಖ ನೋಡಿದಳು. “ಬಂದಿತ್ತು ಅಂತ ಗೊತ್ತಾಗಬೇಕಲ್ಲ ಅತ್ತೆ,” ಎಂದಳು. “ಅದಕ್ಕೇ ಹೆಸರಿಡೋದು.”

ಅದಾದ ಮೇಲೆ ನಾನು ಜಗಳವಾಡಲಿಲ್ಲ. ಎರಡೂ ಹೆಸರು, ನಡುವೆ ಓರೆಗೆರೆ ಎಂದು ತೀರ್ಮಾನವಾಯಿತು. ನನ್ನದು ಮೊದಲು, ಯಾಕೆಂದರೆ ಫಲಕ ಕೆತ್ತುವವಳು ನಾನು. ಅಕ್ಷರಗಳ ಎತ್ತರ ಒಂದೇ ಇರಬೇಕು ಎಂದು ಬೀಗಿತ್ತಿ ಷರತ್ತು ಹಾಕಿದಳು. ಮಗ ಆ ದಿನ ಪೆಟ್ರೋಲ್ ಹಾಕಿಸಲು ಹೋಗಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಒಳ್ಳೆಯ ಹಿತ್ತಾಳೆ ತಗಡು ಆರಿಸಿದೆ. ನಮ್ಮ ಕಸುಬಿನಲ್ಲಿ ಮೊದಲು ನಡುವಿನ ಗುರುತು ಕೆತ್ತುತ್ತೇವೆ, ಆಮೇಲೆ ಎರಡು ಬದಿ. ಓರೆಗೆರೆ ಕೆತ್ತಿದೆ. ಬಲಗಡೆ ದೊಡ್ಡಮ್ಮನ ಹೆಸರು ಕೆತ್ತಿದೆ. ಚೆನ್ನಾಗಿಯೇ ಬಂತು, ಹಾಳಾದ್ದು. ಎಡಗಡೆಗೆ ಕೆತ್ತುವ ಸೂಜಿ ಇಟ್ಟೆ. ಕೈ ಓಡಲಿಲ್ಲ. ಚಹಾ ಕುಡಿದು ಬಂದು ಮತ್ತೆ ಇಟ್ಟೆ. ಓಡಲಿಲ್ಲ. ಜನ್ಮವಿಡೀ ಮಾಡಿದ ಕೆಲಸ, ನಾಲ್ಕು ಅಕ್ಷರ. ಕೊನೆಗೆ ತಗಡನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು, ಸೂಜಿ ಮುರಿಯಿತು ಎಂದು ಸುಳ್ಳು ಹೇಳಿದೆ.

ಆ ಸಂಜೆ ಮಗು ತೊಟ್ಟಿಲಲ್ಲಿ ಕೊಸರಾಡುತ್ತಿತ್ತು. ಅಮ್ಮಾ, ಹೆಸರು ಹಿಡಿದು ಮೊದಲ ಸಲ ನೀನೇ ಕರಿ ಎಂದ ಮಗ. ಎಲ್ಲರೂ ನಿಂತಿದ್ದರು. ನಾನು ಬಗ್ಗಿದೆ. ಬಾಯಿ ತೆರೆದೆ. ಎರಡು ತಿಂಗಳು ಯಾವ ಹೆಸರಿಗಾಗಿ ಹೊಡೆದಾಡಿದೆನೋ ಅದು ಬರಲೇ ಇಲ್ಲ. ಬಂದದ್ದು ದೊಡ್ಡಮ್ಮನ ಹೆಸರು.

ಮಗ ನಕ್ಕುಬಿಟ್ಟ. ಅಮ್ಮ ಸೋತಳು ಎಂದ. ಬೀಗಿತ್ತಿ ನಗಲಿಲ್ಲ. ಫಲಕ ಎತ್ತಿಕೊಂಡು ಬೆಳಕಿಗೆ ಹಿಡಿದಳು, ಖಾಲಿ ಬಿಟ್ಟ ಎಡಗಡೆಯ ಮೇಲೆ ಬೆರಳಾಡಿಸಿದಳು. ಮಕ್ಕಳನ್ನು ಕಳೆದುಕೊಂಡ ಎಷ್ಟು ಜನ ತಾಯಂದಿರನ್ನು ಆ ವಾರ್ಡಿನಲ್ಲಿ ನೋಡಿದ್ದಳೋ.

“ನೀವು ಕರೀಬೇಡಿ ಬಿಡಿ,” ಎಂದಳು. “ನಾನು ಕರೀತೀನಿ. ನೀವು ಇಲ್ಲಿ ಕೂತು ಕೇಳಿ.”

ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತೊಟ್ಟಿಲ ಹತ್ತಿರ ಹೋಗಿ, ವಾರ್ಡಿನ ಆಚೆ ತುದಿಗೂ ಕೇಳಿಸುವ ಆ ದನಿಯಲ್ಲಿ ನನ್ನ ಮಗಳ ಹೆಸರು ಕರೆದಳು.

ಮಗು ಅಳು ನಿಲ್ಲಿಸಿ ಅವಳ ಮುಖ ನೋಡಿತು. ನಾನು, ಕರೆದಾಗಲೆಲ್ಲ ಮಗಳು ಓಡಿಬರುತ್ತಿದ್ದ ಬಾಗಿಲ ಕಡೆ ನೋಡಿದೆ.