ಬಿಚ್ಚದ ಕೊಡೆ

ನಾಗಪತಿಯವರು ಮಳೆಯಲ್ಲಿ ಕೊಡೆ ಬಿಚ್ಚುತ್ತಿರಲಿಲ್ಲ. ಕುಮಟಾ ಪೇಟೆಯಲ್ಲಿ ಧಾರಾಕಾರ ಸುರಿಯುತ್ತಿದ್ದಾಗಲೂ, ಮಡಿಸಿದ ಕರಿಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ಬಲಗಾಲನ್ನು ತುಸು ಎಳೆಯುತ್ತ, ಅಂಗಡಿಯ ಮಾಡಿನಿಂದ ಅಂಗಡಿಯ ಮಾಡಿಗೆ ದಾಟುತ್ತಿದ್ದ ಆ ಕೃಶಕಾಯವನ್ನು ಕಂಡು ನಗದವರಿಲ್ಲ. ಕೊಡೆಯೊಳಗೆ ಯಾವುದೋ ಅಂಗಡಿಯ ರದ್ದಿಯಿಂದ ಆರಿಸಿದ ಯಕ್ಷಗಾನದ ಹಳೆಯ ಕರಪತ್ರವೊಂದು ಸುರುಳಿ ಸುತ್ತಿಕೊಂಡಿರುತ್ತಿತ್ತು. ಮನುಷ್ಯ ನೆನೆದರೆ ಒಣಗುತ್ತಾನೆ, ಕಾಗದ ನೆನೆದರೆ ಹೋಯಿತು ಎಂಬುದು ಅವರ ಸಿದ್ಧಾಂತ.

ತದಡಿಯ ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ, ಮದುವೆಯ ಗೊಡವೆಗೇ ಹೋಗದ ಈ ಮನುಷ್ಯ, ಯಕ್ಷಗಾನ ಮೇಳಗಳ ಪ್ರಚಾರದ ಜೀಪು ಬೀದಿಗೆ ಎಸೆದುಹೋದ ಗುಲಾಬಿ, ಹಳದಿ, ತಿಳಿಹಸಿರು ಕಾಗದಗಳನ್ನು ನಲವತ್ತು ವರ್ಷ ಹೊನ್ನಾವರ, ಭಟ್ಕಳದವರೆಗೂ ಅಲೆದು ಹೆಕ್ಕಿ ತಂದು, ಹೊಳೆಯಂಚಿನ ಮನೆಯ ಒಳಕೋಣೆಯಲ್ಲಿ ಊರಿಗೊಂದು ಪೆಟ್ಟಿಗೆಯಂತೆ ಜೋಡಿಸಿಟ್ಟಿದ್ದರು. ಸಿಕ್ಕಿದವರಿಗೆಲ್ಲ ಒಂದೇ ಮಾತು: “ಒಂದಿನ ಮನೆಗೆ ಬನ್ನಿ, ತೋರಸ್ತೆ.” ಹಾಗೆನ್ನುವಾಗ ಎದುರಿನವರ ಮುಖ ಬಿಟ್ಟು ಅಂಗಿಯ ಗುಂಡಿಯನ್ನು ನೋಡುವುದು ಅವರ ಅಭ್ಯಾಸ. “ಆತು, ಮಳೆ ಬಿಡಲಿ” ಎಂದು ನಾನೂ ಹತ್ತಾರು ಸಲ ಅಂದವನೇ. ಹೋಗಲಿಲ್ಲ.

ಜಗಲಿಯವರೆಗೆ ಹೋದವನು ವಿಮೆಯ ಏಜೆಂಟ ವಿನೋದ ಒಬ್ಬನೇ. ಮನೆಯ ಜೊತೆಗೆ ಸಂಗ್ರಹಕ್ಕೂ ವಿಮೆ ಮಾಡಿಸಬಹುದೆಂದು ಹೇಳಿ, ಅರ್ಜಿಯಲ್ಲಿ ‘ಅಪರೂಪದ ಕಲಾಸಂಗ್ರಹ’ ಎಂದು ಬರೆದು, ಚಾ ಕುಡಿದು ಎದ್ದ. ಒಳಗೆ ಕರೆದರೆ “ಇನ್ನೊಂದ್ ಕಡೆ ಹೋಗೂದಿತ್ತು” ಅಂದ. ಪಾಲಿಸಿಯಲ್ಲಿ ಅಚ್ಚಾಗಿ ಬಂದ ಆ ಎರಡು ಶಬ್ದಗಳನ್ನು ನಾಗಪತಿಯವರು ಎಷ್ಟು ಸಲ ಓದಿಕೊಂಡರೋ. ಲೋಕ ಅವರಿಗೆ ಕೊಟ್ಟ ಬಿರುದು ಅದೊಂದೇ.

ಒಂದು ಆಷಾಢದಲ್ಲಿ ಅಘನಾಶಿನಿ ಹೊಳೆ ಒಳಕೋಣೆಗೇ ಬಂತು. ಮೂರು ದಿನ ನಿಂತ ನೀರು ಇಳಿದಾಗ ಪೆಟ್ಟಿಗೆಗಳಲ್ಲಿ ಉಳಿದದ್ದು ಬಣ್ಣಗೆಟ್ಟ ಕಾಗದದ ಹಿಟ್ಟು. ಕಂಪನಿಯವರು ಖರೀದಿಯ ರಸೀದಿ ಕೇಳಿದರು. ಜೀಪಿನಿಂದ ಎಸೆದ ಕಾಗದಕ್ಕೆ ರಸೀದಿ ಬರೆಯುವವರು ಯಾರು? ಫೋಟೋ ಕೇಳಿದರು, ತೆಗೆದಿರಲಿಲ್ಲ. ಕೊನೆಗೆ, ರದ್ದಿ ಕಾಗದವೆಂದು ಬರೆದು ಏನೋ ಒಂದಿಷ್ಟು ಕೊಟ್ಟು ಮುಗಿಸೋಣವೆಂದರು. ನಾಗಪತಿಯವರು ಒಪ್ಪಲಿಲ್ಲ. ಕೊಡುವುದು ಎಷ್ಟೇ ಇರಲಿ, ಕಾಗದದಲ್ಲಿ ‘ಕಲಾಸಂಗ್ರಹ’ ಎಂದೇ ಇರಬೇಕು, ಹಿಡಿದದ್ದೇ ಹಟ. ಒಂದು ವರ್ಷ ಪತ್ರದ ಮೇಲೆ ಪತ್ರ ಬರೆದ ಮೇಲೆ ನಷ್ಟ ಅಂದಾಜಿಸಲು ಸ್ಮೃತಿ ಎಂಬ ಸರ್ವೇಯರ್ ಬಂದರು. ಆ ಕೋಣೆಗೆ ಕಾಲಿಟ್ಟ ಮೊದಲ ಅತಿಥಿ ಆಕೆ, ನೋಡಲು ಮಾತ್ರ ಏನೂ ಉಳಿದಿರಲಿಲ್ಲ. ಖಾಲಿ ಪೆಟ್ಟಿಗೆಗಳ ಮುಂದೆ ನಿಂತು ಯಾವ ಊರು, ಯಾವ ಪ್ರಸಂಗ, ಯಾವ ಬಣ್ಣದ ಕಾಗದ ಎಂದು ಇವರು ಹೇಳುತ್ತ ಹೋದರಂತೆ; ಆಕೆ ಒಮ್ಮೆಯೂ ಗಡಿಯಾರ ನೋಡಲಿಲ್ಲವಂತೆ. ಹೊರಡುವಾಗ, “ಇದನ್ನ ಕಣ್ಣಾರೆ ನೋಡಿದವರು ಇಬ್ಬರು ಬರೆದುಕೊಟ್ರೆ ಸಾಕು ಸರ್, ಉಳಿದದ್ದು ನಾನು ನೋಡ್ಕೊಳ್ತೇನೆ” ಅಂದರು.

ನಾಗಪತಿಯವರು ನನ್ನಲ್ಲಿಗೆ ಬಂದರು. ವಿಷಯ ಕೇಳಿದವನೇ ಪೆನ್ನು ತೆಗೆದೆ. ಹೋಗದೆ ಉಳಿದ ತಪ್ಪಿಗೆ ಒಂದು ಸುಳ್ಳು ಸಹಿ ಅಗ್ಗದ ಪ್ರಾಯಶ್ಚಿತ್ತವೆನಿಸಿತು.

“ನೀವು ನೋಡಿದ್ರಾ ಮಾಸ್ತರೇ?” ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತ ಕೇಳಿದರು.

ನಾನು ಪೆನ್ನಿನ ಟೊಪ್ಪಿ ಮುಚ್ಚಿದೆ.

“ಹಾಂಗಾರೆ ಬ್ಯಾಡ. ಯಾವಾಗಾದ್ರೂ ಬಂದಿದ್ರೋ ಎಂತೋ, ನಂಗೇ ಮರ್ತುಹೋತೋ ಅಂತ ಕೇಳೂಕೆ ಬಂದೆ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರು ತಾಲೂಕು ಸುತ್ತಿದ ಆ ಮನುಷ್ಯನಿಗೆ ಇಬ್ಬರು ಸಿಗಲಿಲ್ಲ. ಕ್ಲೇಮು ವಜಾ ಆಯಿತು.

ಈಗ ಮಳೆ ಹನಿಯುವಷ್ಟರಲ್ಲಿ ನಾಗಪತಿಯವರು ಎಲ್ಲರಂತೆ ಕೊಡೆ ಬಿಚ್ಚುತ್ತಾರೆ. ಪೇಟೆಯಲ್ಲಿ ಯಾರೂ ನಗುವುದಿಲ್ಲ. ಮನೆಗೆ ಬನ್ನಿ ಎಂದು ಅವರು ಕರೆಯುವುದೂ ಇಲ್ಲ. ಕೂಡಿಡುವವರನ್ನು ವಸ್ತುವ್ಯಾಮೋಹಿಗಳೆಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಕಾರಣವಿಲ್ಲದೆ ಯಾರನ್ನೂ ಮನೆಗೆ ಕರೆಯಲಾರದ ಸಂಕೋಚದ ಜೀವಗಳು ಕೆಲವಿರುತ್ತವೆ. ಕರೆಯಲೊಂದು ನೆಪ ಬೇಕೆಂದು ಅವರು ಆಯುಷ್ಯವಿಡೀ ಕೂಡಿಹಾಕುತ್ತಾರೆ, ನಾವು ಮಳೆ ಬಿಡಲಿ ಎನ್ನುತ್ತೇವೆ.